ಮುನಿಲಕ್ಷ್ಮಿಯ ಪೊರಕೆ

ಯುಗಾದಿ ಹತ್ತಿರ ಬಂತೆಂದರೆ ಟೇಕಲ್ಲಿನ ಮುನಿಲಕ್ಷ್ಮಿಗೆ ಮೈಮೇಲೆ ದೇವರು ಬಂದಂತೆ. ಹದಿನೈದು ದಿನ ಮೊದಲೇ ಸೆರಗು ಸಿಕ್ಕಿಸಿ, ತಲೆಗೆ ಬಟ್ಟೆ ಕಟ್ಟಿ, ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಗಂಡ ಸೀನಪ್ಪ ಹಿಪ್ಪುನೇರಳೆ ತೋಟಕ್ಕೆ ಓಡುತ್ತಿದ್ದ. ಮನೆಯಲ್ಲಿದ್ದರೆ ತನ್ನನ್ನೂ ಕೊಡವಿ ಬಿಸಿಲಿಗೆ ಹಾಕುತ್ತಾಳೆ ಅನ್ನುವ ಭಯ ಅವನಿಗೆ.

"ಒಂದು ವರ್ಷ ಕೈಗೆ ತಗೊಳ್ದಿರೋ ಸಾಮಾನು ಹೆಣ ಇದ್ದಂಗೆ" ಅನ್ನುವುದು ಅವಳ ಶಾಸ್ತ್ರ. ಆ ಶಾಸ್ತ್ರಕ್ಕೆ ಸಿಕ್ಕಿ ಮಗಳು ಅನಿತಳ ಸ್ಲೇಟು ತಿಪ್ಪೆಗೆ ಹೋಯಿತು. ಮಾವ ತೀರಿಕೊಂಡ ವರ್ಷವೇ ಅವರ ಊರುಗೋಲು ಹೋಯಿತು. ಅತ್ತೆಯ ಎಲೆಯಡಿಕೆ ಚೀಲವನ್ನು ಬೆರಳ ತುದಿಯಲ್ಲಿ ಹಿಡಿದು, ಸತ್ತ ಇಲಿಯನ್ನು ಎಸೆಯುವ ಹಾಗೆ ಎಸೆದಿದ್ದಳು. ಎಸೆಯುವುದರಲ್ಲಿ ಆಕೆಗೆ ಎಂಥದೋ ಸುಖ.

ಗೋಡೆಯ ಆಚೆ ಓರಗಿತ್ತಿ ದೊಡ್ಡವೆಂಕಟಮ್ಮ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಗೆ ನಡುವೆ ಎದ್ದ ಗೋಡೆ ಅದು. ದೊಡ್ಡವೆಂಕಟಮ್ಮ ಜನ್ಮದಲ್ಲಿ ಏನನ್ನೂ ಎಸೆದವಳಲ್ಲ. ಬಾಯಿ ಒಡೆದ ಕೊಡ, ಹಿಡಿಯಿಲ್ಲದ ಕುಡುಗೋಲು, ಸಾಲು ಸಾಲು ಖಾಲಿ ಟಾನಿಕ್ ಸೀಸೆ, ಎಲ್ಲ ಅವಳ ಅಟ್ಟದ ಮೇಲೆ. "ಅದು ಮನೇನಾ? ಗುಜರಿ ಅಂಗಡಿ. ಅಲ್ಲಿ ಹಬ್ಬ ಮಾಡೋಕೆ ದೇವ್ರೂ ಮೂಗು ಮುಚ್ಕೊಂಡು ಬರ್ಬೇಕು" ಎಂದು ಮುನಿಲಕ್ಷ್ಮಿ ಬೀದಿಯವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಾಣುವ ಕಣ್ಣು ಅವಳದು.

ಇಂಥವಳು ಜೋಪಾನ ಮಾಡುತ್ತಿದ್ದದ್ದು ಒಂದನ್ನೇ. ಮದುವೆಯಾಗಿ ಬರುವಾಗ ಗೌನಿಪಲ್ಲಿಯ ತಾಯಿ ಮಡಿಲಿಗೆ ಹಾಕಿದ್ದ ಸೋರೆ ಬೀಜ. ತಾಯಿ ಹೋಗಿ ಹನ್ನೆರಡು ವರ್ಷವಾಗಿತ್ತು. ತವರಲ್ಲಿ ಅವಳ ತಮ್ಮ ವೇಣು ಹಿತ್ತಿಲಿಗೂ ಮಾವು ನೆಟ್ಟು ಆ ಬಳ್ಳಿಯ ವಂಶ ತೀರಿಸಿದ್ದ. ತಾಯಿಯದು ಅಂತ ಲೋಕದಲ್ಲಿ ಉಳಿದದ್ದು ಅದಷ್ಟೇ. ಪ್ರತಿ ವರ್ಷ ಬೀಜವನ್ನು ಹಸಿ ಸಗಣಿಯಲ್ಲಿ ಒತ್ತಿ, ಬೆರಣಿ ತಟ್ಟಿ, ಹುಳ ಬೀಳದಿರಲೆಂದು ಬಚ್ಚಲ ಹಿಂದಿನ ಗೋಡೆಯ ಮೇಲಿನ ಸಾಲಿಗೆ ಅಂಟಿಸುತ್ತಿದ್ದಳು. ಉರಿಸುವ ಬೆರಣಿ ಕೆಳಗೆ. ಬೀಜದ ಬೆರಣಿಗೆ ಗುರುತಿಗಾಗಿ ಸುಣ್ಣದ ಬೊಟ್ಟು.

ಯಾರಿಗೂ ಕೊಟ್ಟವಳಲ್ಲ. ಮೂರು ವರ್ಷದ ಹಿಂದೆ ದೊಡ್ಡವೆಂಕಟಮ್ಮ ಎರಡೇ ಎರಡು ಬೀಜ ಕೇಳಿದ್ದಳು. "ನಿನ್ನ ಮನೆಗೆ ಬಂದ್ರೆ ಬೀಜಕ್ಕೂ ಉಸಿರು ಕಟ್ಟುತ್ತೆ ಅಕ್ಕಾ" ಎಂದು ನಕ್ಕು ಕಳಿಸಿದ್ದಳು.

ಈ ಸಲ ಬಚ್ಚಲ ಹಿಂದಿನ ಗೋಡೆಗೂ ಸುಣ್ಣ ಬಳಿಯಲೇಬೇಕೆಂದು ಹಟ ಹಿಡಿದಳು. ಹಬ್ಬದ ಹಿಂದಿನ ದಿನ ಸೀನಪ್ಪನನ್ನು ತೋಟದಿಂದ ಎಳೆತರಿಸಿ, "ಗೋಡೆ ಮೇಲಿರೋ ಬೆರಣಿ ಕಿತ್ತು ನೀರೊಲೆ ಹತ್ರ ಹಾಕಿ" ಎಂದಳು.

"ಮೇಲಿನ ಸಾಲೂನಾ?" ಎಂದ ಸೀನಪ್ಪ.

"ಎಲ್ಲಾನೂ."

"ಬೊಟ್ಟು ಐತಲ್ಲೇ ಅದ್ಕೆ."

"ಬೊಟ್ಟೂ ಬೇಡ, ಗಿಟ್ಟೂ ಬೇಡ! ಗೋಡೆ ಬೋಳಾಗ್ಬೇಕು. ಬಾಯಿ ಆಡ್ಸೋ ಹೊತ್ತಲ್ಲಿ ಕೈ ಆಡ್ಸಿ" ಎಂದಳು, ಸುಣ್ಣದ ಬಕೆಟ್ಟಿನಿಂದ ತಲೆ ಎತ್ತದೆ. ಸೀನಪ್ಪ ಮೂರನೆಯ ಸಲ ಕೇಳಲಿಲ್ಲ. ಮೂರನೆಯ ಸಲ ಕೇಳಿದರೆ ಏನಾಗುತ್ತದೆಂದು ಮೂವತ್ತು ವರ್ಷದ ಸಂಸಾರ ಅವನಿಗೆ ಕಲಿಸಿತ್ತು.

ಹಬ್ಬದ ಬೆಳಿಗ್ಗೆ ತಲೆತುಂಬ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದಳು. ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು. ಇಡೀ ಊರಲ್ಲಿ ತನ್ನದೊಂದೇ ಮನೆ ಅನ್ನುವ ಹೆಮ್ಮೆ. ಆಗ ನೀರೊಲೆಯಲ್ಲಿ ಏನೋ ಚಟಪಟ ಸಿಡಿಯಿತು. "ಹಸಿ ಸೌದೆ ಹಾಕಿದ್ರಾ?" ಎಂದು ಗದರುವುದಕ್ಕೂ, ಬೀಜ ಹುರಿದ ವಾಸನೆ ಮೂಗಿಗೆ ಬಡಿಯುವುದಕ್ಕೂ ಸರಿಹೋಯಿತು.

"ಅಯ್ಯೋ, ಮಾ ಅಮ್ಮ ವಿತ್ತನಾಲು!" ಎಂದು ಅಮ್ಮನ ಬೀಜಕ್ಕಾಗಿ ಚೀರಿದಳು. ಎದೆಗೆ ಪೆಟ್ಟು ಬಿದ್ದಾಗ ಅವಳ ಬಾಯಲ್ಲಿ ತವರಿನ ತೆಲುಗೇ ಬರುತ್ತಿತ್ತು. ಬರಿಗೈಯಲ್ಲಿ ಒಂದು ಬೆರಣಿ ಎಳೆದಳು. ಅದು ಎರಡು ಹೋಳಾಗಿ, ಒಳಗಿನ ಬೀಜ ಇದ್ದಿಲಾಗಿ ಉದುರಿತು. ಬೊಟ್ಟಿನ ಬೆರಣಿ ಒಲೆಯ ಹೊರಗೆ ಒಂದೂ ಉಳಿದಿರಲಿಲ್ಲ. "ನಿಮ್ಮ ಬಾಯಿಗೇನು ಬೀಗ ಬಿದ್ದಿತ್ತಾ?" ಎಂದು ಗಂಡನ ಮೇಲೆ ಹಾರಿದಳು.

"ಎರಡ್ಸಲ ಕೇಳಿದ್ನಲ್ಲ" ಎಂದ ಅವನು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮುನಿಲಕ್ಷ್ಮಿ ಸುಟ್ಟ ಕೈ ಮಡಿಲಲ್ಲಿಟ್ಟುಕೊಂಡು, ತಾಯಿ ಇನ್ನೊಂದು ಸಲ ಸತ್ತಳೆಂಬಂತೆ ಅತ್ತಳು. ಸೀನಪ್ಪ, "ಗೋಡೆ ಆಚೆ ಅತ್ತಿಗೆ ಅಟ್ಟದ ಮೇಲೆ ಒಂದು ಒಣಗಿದ ಸೋರೆ ಬುರುಡೆ ಐತೆ, ನಮ್ಮ ಬಳ್ಳೀದೇ. ಹೋದ ಯುಗಾದೀಲಿ ಬೀಜ ಹೆಚ್ಚಾಯ್ತು ಅಂತ ನೀನೇ ತಿಪ್ಪೆಗೆ ಎಸ್ದಿದ್ದು" ಎಂದ.

ಎಣ್ಣೆ ಸುರಿಯುವ ತಲೆಯಲ್ಲೇ ಹೊರಟಳು. ಯಾರ ಹೊಸ್ತಿಲನ್ನು ಕಂಡರೆ ಮೂಗು ಮುರಿಯುತ್ತಿದ್ದಳೋ ಅದೇ ಹೊಸ್ತಿಲು ದಾಟಿದಳು. ಒಳಗೆ ಗೋಡೆಗೆ ಮಾವನ ಊರುಗೋಲು ಒರಗಿತ್ತು. ಗೂಡಿನಲ್ಲಿ ಅನಿತಳ ಸ್ಲೇಟು. ಮೊಳೆಗೆ ಅತ್ತೆಯ ಚೀಲ, ಒಗೆದು ಹೊಲಿಗೆ ಹಾಕಿದ್ದು. ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

ವಿಷಯ ಕೇಳಿ ದೊಡ್ಡವೆಂಕಟಮ್ಮ ಏಣಿ ಹತ್ತಿ ಬುರುಡೆ ಇಳಿಸಿದಳು. ಕಿವಿಯ ಬಳಿ ಅಲ್ಲಾಡಿಸಿದಳು. ಗಲಗಲ ಎಂದಿತು. ತೊಟ್ಟು ಮುರಿದು, ಅಂಗೈಗೆ ಬೀಜ ಸುರಿದುಕೊಂಡು, ಎರಡನ್ನು ಆರಿಸಿ ಮುನಿಲಕ್ಷ್ಮಿಯ ಕೈಗಿಟ್ಟಳು.

"ಎರಡೇನಾ ಅಕ್ಕಾ?"

"ನಾನು ಕೇಳಿದ್ದೂ ಎರಡೇ ಕಣೇ. ಎರಡು ಸಾಕು, ಬಳ್ಳಿ ಹಬ್ಬೋಕೆ."

ಮುನಿಲಕ್ಷ್ಮಿ ಬೀಜ ಮುಷ್ಟಿಯಲ್ಲಿಟ್ಟು ಬಾಗಿಲವರೆಗೆ ಹೋದವಳು ನಿಂತಳು. ಒಯ್ದು ಇಡುವುದೆಲ್ಲಿ? ಮನೆಯಲ್ಲಿ ಒಂದು ಚಿಂದಿ ಬಟ್ಟೆಯಿಲ್ಲ, ಒಂದು ಹಳೇ ಡಬ್ಬಿಯಿಲ್ಲ. ಇರುವುದು ಬೆಳ್ಳನೆಯ ಗೋಡೆ ಮತ್ತು ಪೊರಕೆ. ತಿರುಗಿ ಬಂದು ಮುಷ್ಟಿ ಬಿಚ್ಚಿ ಚಾಚಿದಳು.

"ಮಳೆ ಬೀಳೋವರ್ಗೂ ಇವೂ ನಿನ್ನ ಹತ್ರಾನೇ ಇರ್ಲಿ ಅಕ್ಕಾ. ನನ್ನ ಕೈಗೆ ಸಿಗೋ ಜಾಗದಲ್ಲಿ ಮಾತ್ರ ಇಡ್ಬೇಡ."

ದೊಡ್ಡವೆಂಕಟಮ್ಮ ಬೀಜ ತೆಗೆದುಕೊಂಡು ಒಂದು ಖಾಲಿ ಟಾನಿಕ್ ಸೀಸೆಗೆ ಹಾಕಿದಳು. ಸೀಸೆ ಹುಡುಕಲು ಅವಳಿಗೆ ಒಂದು ಕ್ಷಣವೂ ಹಿಡಿಯಲಿಲ್ಲ.