ಗಿಡ ಬಂದ್ ಐತ್ರಿ

ಕುಕ್ಕರು ಇಟ್ಟ ಮೇಲೆ ನನ್ನ ಹೆಂಡತಿ ನೀಲಮ್ಮ ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು, ಮುಚ್ಚಳದ ಮೇಲಿನ ಸೀಟಿಯ ಗುಂಡನ್ನು ರೆಪ್ಪೆ ಮಿಟುಕಿಸದೆ ನೋಡುತ್ತ, ಅದು ಮೂರು ಸಲ ಎದ್ದು ಕುಣಿದು ಕೂತ ಮೇಲೆಯೇ ಒಲೆ ಆರಿಸುತ್ತಾಳೆ. ಬೇಳೆಯ ಮೇಲೆ ಅವಳಿಗಿರುವ ಈ ಭಕ್ತಿಯನ್ನು ನಾನು ಬಹಳ ವರ್ಷ ಬಂಧುಬಳಗದಲ್ಲಿ ಹೊಗಳಿಕೊಂಡು ತಿರುಗಿದ್ದೇನೆ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ಮಾಸ್ತರ ನಾನು. ಮನೆಯೊಳಗಿನದು ತಿಳಿಯುವುದು ಮಾತ್ರ ತುಸು ತಡ.

ಕುಷ್ಟಗಿಯ ನಮ್ಮ ಅಂಗಳದಲ್ಲಿ ಒಂದು ಬೇವಿನ ಗಿಡವಿದೆ. ಈ ಬೇಸಿಗೆಯಲ್ಲಿ ಅದು ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಸಂಜೆಯವರೆಗೆ ಕಿರ್ರೋ ಎನ್ನತೊಡಗಿತು. ಪುಸ್ತಕದವರು ಜೀರುಂಡೆ ಎನ್ನುವ, ನಮ್ಮ ಓಣಿಯವರು ಹೆಸರಿಡುವ ಗೋಜಿಗೇ ಹೋಗದ ಆ ಹುಳ, ವರ್ಷಗಟ್ಟಲೆ ಮಣ್ಣಿನ ಕತ್ತಲಲ್ಲಿ ಬೇರಿನ ರಸ ಹೀರುತ್ತ ತೆಪ್ಪಗಿದ್ದು, ಒಂದು ದಿನ ಕಾಂಡ ಹತ್ತಿ, ಬೆನ್ನು ಸೀಳಿ, ಹಳೆಯ ಮೈಯನ್ನು ಅಂಗಿಯಂತೆ ಅಲ್ಲೇ ಕಳಚಿಟ್ಟು, ಉಳಿದ ಕೆಲವೇ ವಾರಗಳಲ್ಲಿ ಅಷ್ಟೂ ವರ್ಷ ನುಂಗಿಕೊಂಡ ಮಾತನ್ನು ಆಡಿ ಮುಗಿಸುತ್ತದೆ. ಕೂಗುವುದು ಗಂಡು ಮಾತ್ರ. ಹೆಣ್ಣಿನದು ಕೇಳಿಸಿಕೊಳ್ಳುವ ಕೆಲಸ.

ಈ ಗದ್ದಲದಲ್ಲಿ ಉತ್ತರಪತ್ರಿಕೆ ತಿದ್ದುವುದು ಹೇಗೆ ಎಂದು ಗೊಣಗಿದೆ. ಯಾವ ಗದ್ದಲ ಎಂದಳು ನೀಲಮ್ಮ. ಗಿಡದ ಕಡೆ ಕೈ ತೋರಿಸಿದೆ. ದಿನಾ ಅದರ ಬುಡದಲ್ಲಿ ಉದುರಿದ ಹುಳದ ಸಿಪ್ಪೆಗಳನ್ನು ಗುಡಿಸುವವಳು ಅವಳೇ. “ಖಾಲಿ ಅಂಗಿ ಎಲ್ಲೆರ ಹಾಡತಾವೇನ್ರಿ?” ಎಂದು ನಕ್ಕು, ನನ್ನ ಕಿವಿಯೇ ಕೆಟ್ಟಿದೆ ಎಂದು ತೀರ್ಪು ಕೊಟ್ಟಳು.

ಸಾಕ್ಷಿಗೆಂದು, ಮೋಟಾರು ರಿಪೇರಿಯ ಖಾಜಾಸಾಬರನ್ನು ಕರೆಸಿದೆ. ಯಂತ್ರದ ರೋಗವನ್ನು ದನಿಯಿಂದಲೇ ಹಿಡಿಯುವ ಮನುಷ್ಯ. ಆದರೆ ನಿಮಗೆ ಗೊತ್ತಿರಲಿ, ಯಾರಾದರೂ ಹತ್ತಿರ ಬಂದರೆ ಜೀರುಂಡೆ ತಟ್ಟನೆ ಸುಮ್ಮನಾಗುತ್ತದೆ. ಖಾಜಾಸಾಬರ ಫಟಫಟಿ ಗೇಟಿಗೆ ಬಂದದ್ದೇ ಗಿಡ ಗಪ್‌ಚುಪ್. ಅವರು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಕಾಂಡಕ್ಕೂ ಇನ್ನೊಂದನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಆಲಿಸಿ, “ಗಿಡ ಬಂದ್ ಐತ್ರಿ ಸರ್” ಎಂದು ಹೇಳಿ ಚಾ ಕುಡಿದು ಹೋದರು. ಅವರು ಓಣಿಯ ತಿರುವು ದಾಟಿದ ಕೂಡಲೇ ಗಿಡ ಮತ್ತೆ ಚಾಲೂ ಆಯಿತು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಲ್ಲದ ಸದ್ದು ಕೇಳುವ ಮಾಸ್ತರನೆಂದರೆ ಹಿಂದಿನ ಬೆಂಚಿನವರಿಗೆ ಹಬ್ಬ. ಓಣಿಯಲ್ಲಿ ಬಾಯಿಬಿಟ್ಟು ಕೇಳಲೂ ನಾಚಿಕೆ. ಕೊನೆಗೆ ನೀಲಮ್ಮನೇ ನನ್ನನ್ನು ಕೊಪ್ಪಳದ ಬಸ್ಸು ಹತ್ತಿಸಿ, ಕಿವಿಯ ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ಗಾಜಿನ ಕಿಟಕಿಯಿದ್ದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ನಾನು ಗಾಬರಿಯಲ್ಲಿ ಕೇಳಿಸದ್ದಕ್ಕೂ ಬೆರಳೆತ್ತಿ ಬೈಸಿಕೊಂಡೆ. ಕಿವಿ ಮಾತ್ರ ಸರಿಯಾಗಿಯೇ ಇತ್ತು. ಇಷ್ಟಕ್ಕೆಲ್ಲ ಅಂಜುವುದೇ ಎಂದು ನೀಲಮ್ಮ, ನನಗೆ ತೋರಿಸಿಕೊಡಲು ತಾನೇ ಹೋಗಿ ಕೂತಳು. ಮೊದಮೊದಲು ಒಂದೂ ತಪ್ಪಲಿಲ್ಲ. ಆದರೆ ಅವಳ ಕಣ್ಣು ಗಾಜಿನಾಚೆ ಗುಂಡಿ ಒತ್ತುತ್ತಿದ್ದ ಡಾಕ್ಟರ ಬೆರಳಿನ ಮೇಲಿತ್ತು. ರೆಪ್ಪೆ ಮಿಟುಕಿಸದ ಆ ನೋಟವನ್ನು ನಾನು ದಿನವೂ ಒಲೆಯ ಮುಂದೆ ಕಂಡಿದ್ದೆ. ಡಾಕ್ಟರೂ ಗಮನಿಸಿರಬೇಕು, ಬೆನ್ನು ತಿರುಗಿಸಿ ಒತ್ತಿದರು. ನೀಲಮ್ಮನ ಬೆರಳು ಮಡಿಲಲ್ಲೇ ಕಾಯುತ್ತ ಉಳಿಯಿತು.

ಮಾತು ಕೇಳುತ್ತದೆ, ಚೂಪಾದ ದನಿಗಳು ಹೋಗಿವೆ, ಹೋಗಿ ಬಹಳ ದಿನವಾಗಿದೆ ಎಂದರು ಡಾಕ್ಟರು. ಕಿವಿಯ ಯಂತ್ರ ಬರಲು ಒಂದು ತಿಂಗಳು ಬೇಕಂತೆ. ಬಸ್ಸಿನಲ್ಲಿ ನೀಲಮ್ಮ ಮುಖ ತಿರುಗಿಸಿ ಕಿಟಕಿಯಾಚೆಯೇ ನೋಡುತ್ತ ಕೂತಳು. ಆ ಹುಳದ ಅಷ್ಟು ವರ್ಷದ ಬಾಳೆಲ್ಲ ಯಾರೋ ಒಬ್ಬಳು ಕೇಳಿಸಿಕೊಳ್ಳುವುದರ ಮೇಲೆ ನಿಂತಿದೆಯೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಮನೆಯಲ್ಲಿ ನಾನು ಕೂಗಿದ್ದನ್ನಷ್ಟೇ ಬಲ್ಲೆ, ಅವಳಿಗೆ ಕೇಳಿಸಿತೇ ಎಂದು ಒಮ್ಮೆಯೂ ನೋಡಿದವನಲ್ಲ.

ಯಂತ್ರ ಬರುವಷ್ಟರಲ್ಲಿ ಮಳೆ ಬಿದ್ದು ಈ ಹುಳಗಳ ಕಾಲವೇ ಮುಗಿದಿರುತ್ತದೆ. ಹಾಗಾಗಿ ಮರುದಿನ, ಓಣಿಯೆಲ್ಲ ಕಾಂಪೌಂಡಿನ ಮೇಲಿಂದ ಇಣುಕುತ್ತಿರಲು, ಲುಂಗಿ ಎತ್ತಿಕಟ್ಟಿ ಸ್ಟೂಲು ಹತ್ತಿ, ಎರಡು ಸಲ ಬಿದ್ದು, ಮೂರನೆಯ ಸಲಕ್ಕೆ ಒಂದನ್ನು ಹಿಡಿದೆ. ಮುಷ್ಟಿಯೊಳಗೆ ಅದು ಕಿರುಚಿಕೊಳ್ಳುತ್ತಿತ್ತು. ನೀಲಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಹುಳದ ಕೂಗಿಗೆ ಅವಳ ಬಳೆಗಳೂ ಸಣ್ಣಗೆ ಅದುರಿದವು. ಮುಖ ಮೊದಲು ಬೆಚ್ಚಿತು, ಆಮೇಲೆ ನಿಧಾನ ಅರಳಿತು.

“ಇಷ್ಟ್ ದಿನ ಇದನ್ನ ನೀವೊಬ್ರ ಕೇಳಿದ್ರೇನ್ರಿ?” ಎಂದಳು. ಕೈ ಬಿಚ್ಚಿ ಅದನ್ನು ಹಾರಲು ಬಿಟ್ಟಳು.

ಈಗ ಕುಕ್ಕರು ಇಟ್ಟಾಗ ನಾನೂ ಎರಡು ಕಿವಿಗೂ ಬೆರಳು ತುರುಕಿಕೊಂಡು ಅವಳ ಪಕ್ಕ ನಿಂತು ಗುಂಡು ನೋಡುತ್ತೇನೆ. ನೀವಂದುಕೊಂಡಷ್ಟು ಸುಲಭವಲ್ಲ ಅದು. ಏಳುವ ಮೊದಲು ಗುಂಡು ಸುಮ್ಮನೆ ನಡುಗುತ್ತದೆ, ಹೊಸಬರು ಅದನ್ನೇ ಸೀಟಿಯೆಂದು ಎಣಿಸಿಬಿಡುತ್ತಾರೆ. ನಿನ್ನೆ ನಾನು ಮೂರಾಯಿತೆಂದು ಒಲೆ ಆರಿಸಿದೆ. ನೀಲಮ್ಮ ಮತ್ತೆ ಹೊತ್ತಿಸಿ, ನನ್ನ ಕಣ್ಣೆದುರು ಎರಡು ಬೆರಳೆತ್ತಿದಳು.