ಬೀಗಿತ್ತಿಯನ್ನು ಬೈಯದ ಹಾಡು

ಸಂತೋಷಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಎಂದು ನನ್ನನ್ನು ಕೇಳಿ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಚಪ್ಪರ ಹಾಕುವ ದಿನ ಮನೆಯಲ್ಲಿ ಇರುವುದು ಸಡಗರ. ಛತ್ರದಲ್ಲಿ ವಾಲಗ ಶುರುವಾದ ಮೇಲೆ ಅದು ಸಂಭ್ರಮ. ಹೆಣ್ಣಿನ ಅಪ್ಪ ಯಾರಿಗೂ ತೋರಿಸದೆ ಒಳಗೇ ಇಟ್ಟುಕೊಂಡು ಓಡಾಡುತ್ತಾನಲ್ಲ, ಅದು ಹಿಗ್ಗು. ಇವನ್ನು ಅದಲುಬದಲು ಮಾಡಿದವರನ್ನು ನಾನು ತಿದ್ದದೆ ಬಿಟ್ಟವಳಲ್ಲ. ನಮ್ಮ ಬಳಗದ ಮದುವೆಗಳಿಗೆಲ್ಲ ಹಾಡು ಬರೆಯುವವಳೂ ನಾನೇ.

ತಂಗಿಯ ಮಗಳ ಮದುವೆ ಬಸವನಗುಡಿಯ ಛತ್ರದಲ್ಲಿತ್ತು. ಹುಡುಗನ ಮನೆಯವರು ಚಾಮರಾಜಪೇಟೆಯವರು, ಬೇರೆ ಜಾತಿ. ಒಪ್ಪಿಕೊಳ್ಳಲು ನಮ್ಮವರು ಎರಡು ವರ್ಷ ಸತಾಯಿಸಿದ್ದರು. ಊಟದ ಪಂಕ್ತಿಯಲ್ಲಿ ಬೀಗಿತ್ತಿಯನ್ನು, ಅಂದರೆ ಹುಡುಗನ ತಾಯಿಯನ್ನು, ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲಿ ಗೇಲಿ ಮಾಡುವುದು ನಮ್ಮಲ್ಲಿ ಪದ್ಧತಿ. ಹೊಟ್ಟೆಬಾಕಿ, ಜಂಬದ ಕೋಳಿ, ಏನು ಬೇಕಾದರೂ ಅನ್ನಬಹುದು. ಆದರೆ ಹಿಂದಿನ ದಿನ ತಂಗಿ ಬಂದು ಕೈ ಹಿಡಿದುಕೊಂಡಳು.

"ಅಕ್ಕಾ, ಈ ಸಲ ಗೇಲಿಗೀಲಿ ಬೇಡ ಕಣೆ. ಅವ್ರು ತಪ್ಪು ತಿಳ್ಕೊಂಡ್ರೆ ನನ್ನ ಮಗಳ ಗತಿ ಏನು?"

ಸರಿ ಎಂದೆ. ಉಲ್ಲಾಸ, ಹರ್ಷ, ಆನಂದ ಎಲ್ಲ ಸುರಿದು ಆರು ನುಡಿ ಬರೆದೆ. ಚೊಕ್ಕವಾಗಿತ್ತು. ಪಂಕ್ತಿಯ ಮುಂದೆ ನಿಂತು ಹಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಬೀಗಿತ್ತಿಯೊಬ್ಬರನ್ನು ಬಿಟ್ಟು. ಅವರು ಹೋಳಿಗೆ ಮುರಿದರು, ಬಾಯಿಗೆ ಇಡಲಿಲ್ಲ. ಪಾಪ, ಸಾಹಿತ್ಯ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಅಷ್ಟು ಧಿಮಾಕು ನನಗೆ.

ತುಪ್ಪ ಬಡಿಸಲು ಬಗ್ಗಿದಾಗ ಅವರು ಮೆಲ್ಲಗೆ ಕೇಳಿದರು. "ಹೋದ ವರ್ಷ ನಿಮ್ಮಣ್ಣನ ಮಗಳ ಮದುವೆಗೆ, ನಿಮ್ಮ ಹುಡುಗಿ ಕರೆದ್ಲು ಅಂತ ನಾನೂ ಬಂದಿದ್ದೆ. ಆ ಬೀಗಿತ್ತಿನ ಎಷ್ಟು ಚೆನ್ನಾಗಿ ಬೈದ್ರಿ! ನಮಗ್ಯಾಕೆ ಇಷ್ಟೊಂದು ಮರ್ಯಾದೆ? ನಾವು ನೆಂಟರಲ್ವಾ?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ತಿದ್ದಿರಲಿಲ್ಲ. ಬರೆದ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ. ತುಪ್ಪದ ಮಿಳ್ಳೆ ಹಿಡಿದುಕೊಂಡು ಅಲ್ಲೇ ದನಿ ಎತ್ತಿದೆ.

"ಹತ್ತು ಹೋಳಿಗೆ ನುಂಗಿದಳಮ್ಮ, ಇನ್ನೂ ಬೇಕಂತೆ ಬೀಗಿತ್ತಿಗೆ,
ಮಿಳ್ಳೆ ತುಪ್ಪ ಸಾಲದು ಅಂತ ಮೂತಿ ಊದಿತು ಬೀಗಿತ್ತಿಗೆ!"

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀಗಿತ್ತಿ ನನ್ನನ್ನೇ ನೋಡಿದರು, ಆಮೇಲೆ ಎಲೆಯ ಮೇಲೆ ಬಗ್ಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಡಗೈಯಲ್ಲಿ ಕಣ್ಣೊರೆಸಿಕೊಂಡು ತಂಗಿಯನ್ನು ಕೂಗಿ ಹೇಳಿದರು:

"ಬೀಗರೇ, ಈಗ ಆಯ್ತು ನೋಡಿ ಮದುವೆ!"