ಮೂರು ಬಾಣಗಳು ಮತ್ತು ಒಂದು ಕೀಲು

2003ನೆಯ ಇಸವಿಯಲ್ಲಿ ನನಗೆ ಹೇಳಿಕೊಳ್ಳುವಂಥ ಯಾವ ಹುದ್ದೆಯೂ ಇರಲಿಲ್ಲ. ಪೂರ್ವ ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತೇಳು ವರ್ಷ ದುಡಿದು, ಚಾರ್ಜ್‌ಮನ್ ಆಗಿ ಸ್ವಯಂ ನಿವೃತ್ತಿ ಪಡೆದು ಎರಡು ವರ್ಷವಾಗಿತ್ತು. ಹುದ್ದೆ ಬೇಕೇ ಬೇಕೆಂದರೆ, ಬಾಣಸವಾಡಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕಾರ್ಮಿಕ, ಫೋರ್‌ಮನ್, ಜನರಲ್ ಮ್ಯಾನೇಜರ್ ಎಲ್ಲ ನಾನೇ ಆಗಿದ್ದೆ. ಮಾಡಿದ್ದನ್ನು ಅಳೆದು ಪಾಸ್ ಮಾಡುವ ಇನ್‌ಸ್ಪೆಕ್ಟರ್ ಕೂಡ ನಾನೇ. ತೊಂದರೆ ಹುಟ್ಟಿದ್ದು ಆ ಕೊನೆಯ ಹುದ್ದೆಯಿಂದ.

ಟೂಲ್ ರೂಮ್ ಎಂದರೆ ಕಾರ್ಖಾನೆಯ ಉಳಿದ ವಿಭಾಗಗಳಿಗೆ ಬೇಕಾದ ಅಚ್ಚು, ತುಂಡನ್ನು ಅಲುಗದಂತೆ ಹಿಡಿಯುವ ಸಾಧನ, ಅಳತೆಗೋಲುಗಳನ್ನು ತಯಾರಿಸುವ ಜಾಗ. ಅಲ್ಲಿಯ ಜನಕ್ಕೆ ಸ್ವಲ್ಪ ತಲೆ ತಿರುಗಿರುತ್ತದೆ, ನನಗೂ ತಿರುಗಿತ್ತು. ತಲೆಗೂದಲಿನ ದಪ್ಪ ಇಷ್ಟು ಎಂದು ಬೆರಳಲ್ಲಿ ಮುಟ್ಟಿ ಹೇಳಬಲ್ಲೆವೆಂಬ ಜಂಬ ನಮ್ಮದು. ಸೊಟ್ಟಗಿರುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಎಲೆಯನ್ನು ಟೇಬಲ್ಲಿನ ಅಂಚಿಗೆ ಸಮನಾಗಿ ಎಳೆದುಕೊಳ್ಳುವವನು ನಾನು.

ನಿವೃತ್ತನಾದ ಮೇಲೆ ಕೈ ಖಾಲಿ ಬಿಟ್ಟುಕೊಳ್ಳಲಾರದೆ ಮನೆಯಲ್ಲೇ ಒಂದು ಸಿಎನ್‌ಸಿ ಯಂತ್ರ ಕಟ್ಟಿದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ. ಕೈಯಿಂದ ಹಿಡಿ ತಿರುಗಿಸುವ ಬದಲು ಪ್ರತಿ ದಿಕ್ಕಿಗೂ ಒಂದು ಮೋಟರ್ ಇರುತ್ತದೆ. ಅಕ್ಷರ ಮತ್ತು ಅಂಕಿಗಳ ಒಂದೊಂದು ಸಾಲು ಬರೆದರೆ ಮೋಟರ್ ಅಷ್ಟಷ್ಟೇ ತಿರುಗಿ, ಕೆಲಸದ ತುಂಡನ್ನು ಹೊತ್ತ ಟೇಬಲ್ ಅಷ್ಟಷ್ಟೇ ಸರಿಯುತ್ತದೆ. ಕಂಪನಿಗಳಲ್ಲಿ ಅದು ಒಂದು ಕೋಣೆ ತುಂಬುವಷ್ಟು ದೊಡ್ಡದು. ನನ್ನದು ಹೊಲಿಗೆ ಮಿಷನ್ ಎರಡರಷ್ಟಿತ್ತು. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಪುಟ್ಟ ಮಿಲ್ಲಿಂಗ್ ಯಂತ್ರ, ಯಾವುದೋ ಕಚೇರಿಯ ಹಳೆಯ ಕಂಪ್ಯೂಟರಿನಿಂದ ಕಿತ್ತ ಮೋಟರುಗಳು, ಅದನ್ನೆಲ್ಲ ಆಡಿಸಲು ಪ್ರಿಂಟರಿನ ತಂತಿ ಸಿಗಿಸುವ ತೂತಿದ್ದ ಇನ್ನೊಂದು ಹಳೆಯ ಕಂಪ್ಯೂಟರ್. ಹದಿನಾಲ್ಕು ತಿಂಗಳು ಹಿಡಿಯಿತು. ನನ್ನ ಹೆಂಡತಿ ಜಯಮ್ಮ ಉಪ್ಪಿನಕಾಯಿ ಜಾಡಿಗಳನ್ನು ಇಡುತ್ತಿದ್ದ ಜಾಗ ಅದಕ್ಕೆ ಬಲಿಯಾಯಿತು.

ಅಷ್ಟೆಲ್ಲ ಮಾಡಿ ಅದರಲ್ಲಿ ತಯಾರಾದದ್ದು ಬೀದಿಯವರ ಮನೆಗಳಿಗೆ ಹಿತ್ತಾಳೆಯ ಹೆಸರಿನ ಫಲಕಗಳು. "ಇಷ್ಟು ದೊಡ್ಡ ಎಂಜಿನಿಯರಿಂಗ್ ಮಾಡಿ ಕೊನೆಗೆ ಬೋರ್ಡ್ ಬರಿಯೋರಾದ್ರಿ" ಎಂದು ಜಯಮ್ಮ ನಗುತ್ತಿದ್ದಳು. ಒಂದು ನಿಜವಾದ ಕೆಲಸ ಬರಲಿ, ತೋರಿಸುತ್ತೇನೆ ಎಂದು ನಾನು ಕಾಯುತ್ತಿದ್ದೆ.

ನಮ್ಮ ತಂದೆಯ ಕಾಲದಲ್ಲಿ ತರಕಾರಿ ಬೆಳೆಯುತ್ತಿದ್ದ ಹಿತ್ತಲಿನಲ್ಲಿ ಆಗ ಆರು ಬಾಡಿಗೆ ಕೋಣೆಗಳಿದ್ದವು. ಕೊನೆಯದರಲ್ಲಿ ರೇಣುಕಾ ಎಂಬ ಹುಡುಗಿ ತನ್ನ ತಾಯಿಯ ಜೊತೆ ಇದ್ದಳು. ಇಪ್ಪತ್ತಾರು ವರ್ಷ, ಊರು ಲಿಂಗಸುಗೂರಿನ ಕಡೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಸೋತಿತ್ತು. ಆ ಕಾಲಿಗೆ ಕ್ಯಾಲಿಪರ್ ಹಾಕುತ್ತಿದ್ದಳು. ಕಾಲಿನ ಎರಡೂ ಬದಿಗೆ ತೊಡೆಯಿಂದ ಬೂಟಿನವರೆಗೆ ಇಳಿಯುವ ಕಬ್ಬಿಣದ ಪಟ್ಟಿಗಳು, ಬಿಗಿಯಲು ಚರ್ಮದ ಪಟ್ಟಿ, ಮಂಡಿಯ ಹತ್ತಿರ ಎರಡೂ ಬದಿಗೆ ಒಂದೊಂದು ಕೀಲು. ನಿಂತಾಗ ಕೀಲಿನ ಮೇಲೆ ಒಂದು ಬಳೆ ಜಾರಿ ಕೂತು ಮಂಡಿ ಮಡಚದಂತೆ ತಡೆಯುತ್ತದೆ. ಕೂರಬೇಕಾದರೆ ಬಳೆಯನ್ನು ಮೇಲೆತ್ತಬೇಕು.

ಅವಳು ದೊಡ್ಡನೆಕ್ಕುಂದಿ ಕಡೆಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ದೋಷವಿದ್ದ ಕಡೆ ಬಾಣದ ಆಕಾರದ ಪುಟ್ಟ ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸುವುದು ಕೆಲಸ. ದಿನವಿಡೀ ನಿಂತೇ ಮಾಡಬೇಕು. ಕೂತು ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು, ನಿಲ್ಲಬಲ್ಲೆ ಎಂದು ಹಟ ಹಿಡಿದು ಐದು ವರ್ಷದ ಮೇಲೆ ಆ ಮೇಜಿಗೆ ಬಂದಿದ್ದಳು.

ಒಂದು ಮಂಗಳವಾರ ಸಂಜೆ ಬಸ್ಸಿನಿಂದ ಇಳಿಯುವಾಗ ಒಳಬದಿಯ ಕೀಲು ಮುರಿಯಿತು. ಮರುದಿನ ಆಸ್ಪತ್ರೆಯ ವರ್ಕ್‌ಶಾಪಿನವರು ಹೊಸ ಕ್ಯಾಲಿಪರಿಗೆ ಮೂರು ವಾರ ಬೇಕೆಂದರು. ಸೂಪರ್‌ವೈಸರ್ ಸೋಮವಾರದವರೆಗೆ ರಜೆ ಕೊಟ್ಟ. ಅಷ್ಟರಲ್ಲಿ ನಿಲ್ಲಲಾಗದಿದ್ದರೆ ಮೇಜು ಬೇರೆಯವರಿಗೆ, ಅವಳು ಮತ್ತೆ ದಾರ ಕತ್ತರಿಸುವ ಸಾಲಿಗೆ.

ಗುರುವಾರ ಬೆಳಿಗ್ಗೆ ಅವಳ ತಾಯಿ ಮುರಿದ ಕ್ಯಾಲಿಪರನ್ನು ಪತ್ರಿಕೆಯಲ್ಲಿ ಸುತ್ತಿ ತಂದರು. ರೇಣುಕಾ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು.

"ಕಾಕಾ, ನಿಮ್ಮ ಮಿಷಿನ್ದಾಗ ಇದು ಆಗ್ತೈತೇನ್ರಿ?"

"ಆಗದೆ ಏನು? ಶನಿವಾರ ಸಂಜೆ ಬಾ. ಆದ್ರೆ ಆಸ್ಪತ್ರೆಯ ಹೊಸದು ಬರೋವರೆಗೆ ಮಾತ್ರ ಇದು" ಎಂದೆ. ಹೀಗೆ ಹೇಳುವಾಗ ಎದೆ ಎರಡು ಇಂಚು ಉಬ್ಬಿದ್ದು ನನಗೇ ಗೊತ್ತಾಯಿತು.

ಕ್ಯಾಲಿಪರನ್ನು ಬೆಂಚಿನ ಮೇಲೆ ಮಲಗಿಸಿ ಅಳೆದೆ. ಹೊರಗಿನ ಕೀಲೂ ಸವೆದಿತ್ತು, ಎರಡನ್ನೂ ಹೊಸದಾಗಿ ಮಾಡಬೇಕಿತ್ತು. ಪ್ರತಿ ಕೀಲಿಗೆ ಎರಡು ತುಂಡು, ಒಟ್ಟು ನಾಲ್ಕು. ಅಳೆಯುತ್ತಾ ಹೋದಂತೆ ನನಗೆ ನಗು ಬಂತು. ಒಳಗಿನ ಕೀಲು ಹೊರಗಿನದಕ್ಕಿಂತ ನಾಲ್ಕು ಮಿಲಿಮೀಟರ್ ಕೆಳಗಿತ್ತು. ಎರಡೂ ಕೀಲುಗಳ ನಡುವೆ ಗೆರೆ ಎಳೆದರೆ ಅದು ಪಟ್ಟಿಗಳಿಗೆ ಲಂಬವಾಗಿರದೆ ಎರಡು ಡಿಗ್ರಿಗೂ ಸ್ವಲ್ಪ ಹೆಚ್ಚು ವಾಲಿತ್ತು. ಸುತ್ತಿಗೆಯ ಗುರುತುಗಳು ಬೇರೆ. ಯಾವನೋ ಕಣ್ಣಳತೆಯವನ ಕೈವಾಡ ಎಂದುಕೊಂಡೆ. ನನ್ನ ರೇಖಾಚಿತ್ರದಲ್ಲಿ ಎರಡೂ ಕೀಲುಗಳನ್ನು ಒಂದೇ ಎತ್ತರಕ್ಕೆ ತಂದು, ಗೆರೆಯನ್ನು ಲಂಬ ಮಾಡಿದೆ.

ಶುಕ್ರವಾರ ಶಿವಾಜಿನಗರದಿಂದ ಗಟ್ಟಿ ಉಕ್ಕಿನ ಪಟ್ಟಿ ತಂದೆ, ಟೂಲ್ ರೂಮಿನ ಅಭ್ಯಾಸದಂತೆ ಬೇಕಾದದ್ದಕ್ಕಿಂತ ಎರಡರಷ್ಟು. ಶನಿವಾರ ಬೆಳಿಗ್ಗೆ ಏಳಕ್ಕೆ ಯಂತ್ರ ಶುರು ಮಾಡಿದೆ. ಅದರ ಬಲ ಕಡಿಮೆ, ಒಂದು ಸಲಕ್ಕೆ ಕಾಲು ಮಿಲಿಮೀಟರಿಗಿಂತ ಆಳಕ್ಕೆ ಹೋಗುವಂತಿಲ್ಲ. ಒಂದು ತುಂಡಿಗೆ ಒಂದೂಮುಕ್ಕಾಲು ಗಂಟೆ. ಆದರೆ ಕೀಲಿನ ದುಂಡು ತಲೆಯನ್ನು ಅದು ಸುತ್ತಿ ಕೊರೆಯುವುದನ್ನು ನೋಡುತ್ತಾ ನಾನು ಕಾಫಿ ಕುಡಿಯುವುದನ್ನೇ ಮರೆತೆ. ಅರದಿಂದ ಉಜ್ಜಿ ಆ ದುಂಡು ತರಲು ಒಳ್ಳೆಯ ಫಿಟ್ಟರಿಗೂ ಒಂದು ದಿನ ಬೇಕು. ಸಂಜೆ ಜೋಡಿಸಿ, ಅಳತೆಯ ಡಯಲ್ ಇಟ್ಟು ನೋಡಿದರೆ ಎರಡು ಕೀಲುಗಳ ನಡುವೆ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು. ಖುಷಿ ತಡೆಯಲಾರದೆ, ಉಕ್ಕಿನ ಮೇಲೆ ಅಂಕಿ ಒತ್ತುವ ಪಂಚ್ ತೆಗೆದು, ಕಾರ್ಖಾನೆಯಲ್ಲಿ ನನ್ನ ಗುರುತಾಗಿದ್ದ ಟೋಕನ್ ನಂಬರನ್ನು ಕ್ಯಾಲಿಪರಿನ ಹಳೆಯ ಪಟ್ಟಿಯ ಮೇಲೆ ಹೊಡೆದೆ.

ರೇಣುಕಾ ಬಂದಳು. "ಸೊಟ್ಟ ಇದ್ದದ್ದನ್ನೂ ನೇರ ಮಾಡಿದೀನಿ ನೋಡಮ್ಮ" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಡಯಲ್ಲಿನ ಮುಳ್ಳನ್ನು ತೋರಿಸಿ, ನೂರರಲ್ಲಿ ಎರಡು ಪಾಲು ಎಂದರೇನೆಂದು ಹತ್ತು ನಿಮಿಷ ವಿವರಿಸಿದೆ. ಅವಳು ಕೈಮುಗಿದು ಹೋದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ರೇಣುಕಾ ತಾಯಿಯ ಹೆಗಲು ಹಿಡಿದು ನಿಂತಿದ್ದಳು. ಕ್ಯಾಲಿಪರ್ ತಾಯಿಯ ಕೈಯಲ್ಲಿತ್ತು. ಅದರ ಮೇಲೆ ಮೂರು ಕೆಂಪು ಬಾಣಗಳು. ಒಂದು ತೊಡೆಯ ಚರ್ಮದ ಪಟ್ಟಿಯ ಒಳ ಅಂಚಿಗೆ, ಇನ್ನೊಂದು ಒಳಗಿನ ಕೀಲಿಗೆ, ಮೂರನೆಯದು ಬೂಟಿನ ಹಿಮ್ಮಡಿಗೆ.

"ಸಿಟ್ಟ ಆಗಬ್ಯಾಡ್ರಿ ಕಾಕಾ. ಮಾಲ್ ರಿಜೆಕ್ಟ್ ಆಗೇತ್ರಿ."

ಸಿಟ್ಟು ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೆಲಸ ವಾಪಸು ಬಂದದ್ದು ಬೆರಳೆಣಿಕೆಯಷ್ಟು ಸಲ. "ಅಳತೆ ಎಲ್ಲ ಸರಿಯಾಗಿದೆ, ನಿನಗಿನ್ನೂ ಅಭ್ಯಾಸ ಆಗಿಲ್ಲ ಅಷ್ಟೇ" ಎಂದೆ.

"ಅಭ್ಯಾಸ ಅಲ್ರಿ. ನಿನ್ನೆ ಸಂಜಿಯಿಂದ ನಡದು ನೋಡೇನ್ರಿ. ತೊಡಿ ಸುಲದೈತಿ, ಹಿಮ್ಮಡಿ ಹೊರಗ ಜಾರ್ತೈತಿ. ಮೊದಲಿಂದು ಸೊಟ್ಟ ಇರಲಿಲ್ರಿ ಕಾಕಾ. ನಮ್ಮ ಮಾಮಾ ಊರಾಗ ಸೈಕಲ್ ಅಂಗಡಿ ಇಟ್ಟಾನ್ರಿ. ನಾ ನಡಿಯೂದು ನೋಡಿ ನೋಡಿ ಅವನೇ ಒಳಗಿನ ಕೀಲು ಕೆಳಗ ಇಳಿಸ್ಯಾನ್ರಿ. ನನ್ನ ಮಂಡೀನೇ ಹಂಗೈತಲ್ರಿ."

ನಾನು ಕ್ಯಾಲಿಪರನ್ನು ಕೈಗೆ ತೆಗೆದುಕೊಂಡು ಬಾಣಗಳನ್ನು ಒಂದೊಂದಾಗಿ ನೋಡಿದೆ. ಅಷ್ಟರಲ್ಲಿ ಜಯಮ್ಮ ಅಡುಗೆಮನೆಯಿಂದ ಹೊರಬಂದಳು.

"ರೀ, ಫ್ಯಾಕ್ಟ್ರಿಲಿ ನೀವ್ ಮಾಡಿದ್ ಪೀಸಿಗೆ ನೀವೇ ಮೊಹರು ಹೊಡ್ಕೊತಿದ್ರಾ?"

ಇಲ್ಲ. ಎಂದೂ ಇಲ್ಲ. ನಮ್ಮ ಟೂಲ್ ರೂಮಿನ ಮೊದಲ ಕಟ್ಟಳೆಯೇ ಅದು: ಮಾಡಿದವನು ಪಾಸ್ ಮಾಡುವಂತಿಲ್ಲ. ಮೊದಲ ತುಂಡನ್ನು ಇನ್ನೊಬ್ಬ ಅಳೆದು, ಅವನ ಮೊಹರು ಬಿದ್ದ ಮೇಲೆಯೇ ಮುಂದಿನ ಕೆಲಸ. ಎಷ್ಟೋ ಹೊಸಬರಿಗೆ ನಾನೇ ಬೈದು ಕಲಿಸಿದ ಪಾಠ. ಹೆಂಡತಿಯ ಎದುರು ನಿಂತಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ತಪ್ಪೂ ಕಣ್ಣಿಗೆ ಬಿತ್ತು. ಪರರ ಮನೆಯ ಹೆಣ್ಣುಮಗಳ ಕಾಲನ್ನು ನಾನು ಅಳೆಯುವುದು ಹೇಗೆಂಬ ಸಂಕೋಚದಿಂದ ಕಬ್ಬಿಣವನ್ನಷ್ಟೇ ಅಳೆದಿದ್ದೆ. ಮೂರು ದಿನದಲ್ಲಿ ಅವಳು ನಡೆಯುವುದನ್ನು ಒಂದು ಸಲವೂ ಗಮನವಿಟ್ಟು ನೋಡಿರಲಿಲ್ಲ. ಆ ಸೈಕಲ್ ಅಂಗಡಿಯವನು ವರ್ಷಗಟ್ಟಲೆ ನೋಡಿದ್ದ.

"ಜಯಾ, ನೀನೇ ಅಳೀಬೇಕು" ಎಂದೆ.

ಅವಳು ಹೊಲಿಗೆಯ ಟೇಪು ತಂದಳು. ರೇಣುಕಾಳನ್ನು ಒಳಗೆ ಕರೆದುಕೊಂಡು ಹೋಗಿ, ನಿಂತಾಗ ಒಂದು ಸಲ, ಕೂತಾಗ ಒಂದು ಸಲ ಮಂಡಿಯ ಎರಡೂ ಬದಿಯ ಮೂಳೆಯನ್ನು ಬೆರಳಲ್ಲಿ ಹುಡುಕಿ, ನೆಲದಿಂದ ಎತ್ತರ ಅಳೆದು ಕೂಗಿ ಹೇಳಿದಳು. ನಾನು ಹೊರಗೆ ಕೂತು ಬರೆದುಕೊಂಡೆ. ಎರಡೂ ಸಲದ ಲೆಕ್ಕದಲ್ಲೂ ಒಳಬದಿ ಕೆಳಗೇ ಬಂತು, ನಾಲ್ಕು ಮಿಲಿಮೀಟರಿನ ಆಸುಪಾಸು. ಸುತ್ತಿಗೆ ಹಿಡಿದ ಕಣ್ಣಳತೆಯವನು ಸರಿಯಾಗಿಯೇ ಇದ್ದ.

ಇನ್ನು ಅಂಜುವುದಕ್ಕೆ ಸಮಯವಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಏನು ಮಾಡಬೇಕೆಂದು ಗೊತ್ತಾದ ಮೇಲೆ ಕೈಗೆ ಯಾವತ್ತೂ ಭಯವಿಲ್ಲ. ನಾಲ್ಕೂ ತುಂಡುಗಳನ್ನು ಮತ್ತೆ ಮಾಡಬೇಕಿತ್ತು. ಪ್ರೋಗ್ರಾಮಿನಲ್ಲಿ ಬದಲಾಯಿಸಬೇಕಾದದ್ದು ಆರೇ ಸಾಲು. ಕಂಪ್ಯೂಟರ್ ಇಟ್ಟುಕೊಂಡದ್ದು ಸಾರ್ಥಕವಾದದ್ದು ಅಲ್ಲೇ: ಮುಂಚಿನ ದಿನದ ದುಡಿಮೆ ಪೂರ್ತಿ ವ್ಯರ್ಥವಾಗಲಿಲ್ಲ, ಅಂಕಿ ತಿದ್ದಿದರೆ ಸಾಕಾಯಿತು. ವಾಲುವಿಕೆಗಾಗಿ ತುಂಡಿನ ಒಂದು ಅಂಚಿನ ಕೆಳಗೆ ತೆಳು ತಗಡು ಕೊಟ್ಟು, ಇಕ್ಕಳದಂತೆ ಕಚ್ಚಿ ಹಿಡಿಯುವ ವೈಸಿನಲ್ಲಿ ಬಿಗಿದೆ. ಎಂಟು ಗಂಟೆಗೆ ಯಂತ್ರ ಮತ್ತೆ ಹಾಡತೊಡಗಿತು.

ಮಧ್ಯಾಹ್ನ ಮೂರನೆಯ ತುಂಡು ಅರ್ಧವಾದಾಗ ಕರೆಂಟು ಹೋಯಿತು. ಕರೆಂಟು ಹೋದರೆ ಇಂಥ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ನಲವತ್ತು ನಿಮಿಷದ ಮೇಲೆ ಬಂತು. ಕ್ಯಾಲೆಂಡರಿನ ಒಂದು ಹಾಳೆ ಹರಿದು, ಕೊರೆಯುವ ಕಟ್ಟರಿಗೂ ತುಂಡಿನ ಅಂಚಿಗೂ ನಡುವೆ ಹಿಡಿದು, ಕಾಗದ ಹೌದೋ ಅಲ್ಲವೋ ಎಂಬಷ್ಟು ಸಿಕ್ಕಿಕೊಳ್ಳುವ ತನಕ ಟೇಬಲ್ ಸರಿಸಿ ಯಂತ್ರಕ್ಕೆ ಅದರ ಜಾಗ ಹುಡುಕಿಕೊಟ್ಟೆ. ಇಂಥ ಉಪಾಯಗಳಿಗೆ ಕಂಪ್ಯೂಟರ್ ಬೇಕಿಲ್ಲ, ಇಪ್ಪತ್ತೇಳು ವರ್ಷ ಬೇಕು. ರೇಣುಕಾ ಅಷ್ಟೂ ಹೊತ್ತು ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

ಸಂಜೆ ಆರಕ್ಕೆ ಜೋಡಿಸಿ ಮುಗಿಸಿದೆ. ಈ ಸಲ ಡಯಲ್ ತೆಗೆಯಲಿಲ್ಲ, ಪಂಚನ್ನೂ ಮುಟ್ಟಲಿಲ್ಲ. "ಹಾಕ್ಕೊಂಡು ನಡಿ" ಎಂದೆ. ಅವಳು ಎದ್ದು ನಿಂತಳು. ಬಳೆ ಟಕ್ ಎಂದು ಕೂತಿತು. ಅಂಗಳದಲ್ಲಿ ತುಳಸಿ ಕಟ್ಟೆಯವರೆಗೆ ಹೋಗಿ ತಿರುಗಿದಳು. ಇನ್ನೊಂದು ಸುತ್ತು, ಮತ್ತೊಂದು ಸುತ್ತು.

"ಹೆಂಗಿದೆ?"

"ಈಗ ಹೇಳಂಗಿಲ್ರಿ. ನಾಳಿ ಒಂದ್ ಶಿಫ್ಟ್ ನಿಂತು ಹೇಳ್ತೇನ್ರಿ" ಎಂದಳು. ಚೆಕ್ಕರ್ ಎಂದರೆ ಹೀಗಿರಬೇಕು.

ಸೋಮವಾರ ಇಡೀ ದಿನ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಸಂಜೆ ಆರೂವರೆಗೆ ಗೇಟಿನ ಸದ್ದಾಯಿತು. ರೇಣುಕಾ ಯಾರ ಹೆಗಲನ್ನೂ ಹಿಡಿಯದೆ ಒಳಗೆ ಬಂದಳು. ನನ್ನ ಕಣ್ಣು ಮೊದಲು ಹೋದದ್ದು ಅವಳ ಮುಖಕ್ಕಲ್ಲ, ಕ್ಯಾಲಿಪರಿಗೆ. ತೊಡೆಯ ಪಟ್ಟಿ, ಕೀಲು, ಹಿಮ್ಮಡಿ, ಮೂರೂ ಕಡೆ ನೋಡಿದೆ.

"ಎಲ್ಲಮ್ಮ ನಿನ್ನ ಬಾಣ?"

"ಪಾಸಾದ ಮಾಲಿಗೆ ಬಾಣ ಹಚ್ಚಂಗಿಲ್ರಿ ಕಾಕಾ. ಮೇಜು ನಂದೇ ಐತ್ರಿ."

ಒಳಗಿದ್ದ ಜಯಮ್ಮ ಸೌಟು ಹಿಡಿದುಕೊಂಡೇ ಹೊರಬಂದಳು. ಕಾರ್ಖಾನೆಯ ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಆ ಮೇಲೆ ಶೆಡ್ಡಿನಲ್ಲಿ ನಾನು ಬಹಳಷ್ಟು ಕೆಲಸ ಮಾಡಿದ್ದೇನೆ, ಆ ಯಂತ್ರದ ಮೇಲೆ ನನಗೆ ಈಗಲೂ ಅಷ್ಟೇ ಹೆಮ್ಮೆ. ಒಂದು ಅಭ್ಯಾಸ ಮಾತ್ರ ಬದಲಾಯಿತು. ಯಾರು ಏನೇ ಮುರಿದದ್ದನ್ನು ತಂದರೂ, ವಸ್ತುವನ್ನು ಅಳೆಯುವ ಮೊದಲು ಅದನ್ನು ಬಳಸುವವರನ್ನು ಕೂರಿಸಿಕೊಂಡು, ನೀವು ಇದನ್ನು ಹೇಗೆ ಬಳಸುತ್ತೀರಿ ತೋರಿಸಿ ಎನ್ನುತ್ತೇನೆ. ಸೊಟ್ಟಗಿದ್ದರೆ, ಯಾರು ಯಾಕೆ ಹೀಗೆ ಮಾಡಿದರು ಎಂದು ಕೇಳುತ್ತೇನೆ. ಟೂಲ್ ರೂಮಿನವನಿಗೆ ಅದೇನೂ ಸುಲಭವಲ್ಲ.

ಆ ಸೋಮವಾರ ಸಂಜೆ ಇನ್ನೊಂದು ಕೆಲಸ ಬಾಕಿ ಇತ್ತು. ರೇಣುಕಾ ಸ್ಟೂಲಿನ ಮೇಲೆ ಕೂತು ಕ್ಯಾಲಿಪರ್ ಬಿಚ್ಚಿ ಕೊಟ್ಟಳು. ಅದನ್ನು ವೈಸಿನ ಮೇಲೆ ಇಟ್ಟು, ಅಕ್ಷರದ ಪಂಚುಗಳ ಡಬ್ಬಿಯನ್ನೂ ಸುತ್ತಿಗೆಯನ್ನೂ ಅವಳ ಮುಂದೆ ಸರಿಸಿದೆ. ಇನ್‌ಸ್ಪೆಕ್ಷನ್ ಮೊಹರು ನಿನ್ನದು ಎಂದೆ. ಅವಳು ತನ್ನ ಹೆಸರಿನ ಮೊದಲ ಅಕ್ಷರದ ಪಂಚ್ ಆರಿಸಿ, ಹಳೆಯ ಪಟ್ಟಿಯ ಮೇಲೆ ಶನಿವಾರವೇ ಬಿದ್ದಿದ್ದ ನನ್ನ ಟೋಕನ್ ನಂಬರಿನ ಪಕ್ಕದಲ್ಲಿಟ್ಟು, ತುಟಿ ಕಚ್ಚಿ ಒಂದೇ ಏಟು ಹೊಡೆದಳು. ಅಕ್ಷರ ಸ್ವಲ್ಪ ವಾಲಿ ಬಿತ್ತು.

"ಸೊಟ್ಟ ಆತಲ್ರಿ ಕಾಕಾ. ಇನ್ನೊಂದ್ ಸಲ ಹೊಡೀಲೇನ್ರಿ?"

"ಬೇಡ, ಹಾಗೇ ಇರಲಿ" ಎಂದೆ.